ಅಡ್ಡಗೆರೆ

ಮಾರ್ಚ್ 4, ಸೋಮವಾರ

ಬೆಳಗ್ಗೆ 9ಕ್ಕೆ ಪೈಪಿನ ತುಂಡು ಲ್ಯಾಬಿಗೆ ಬಂತು. ಒಂದು ಮೀಟರ್ ಉದ್ದ. ಗೋಣಿಯಲ್ಲಿ ಸುತ್ತಿ ಚೀಟಿ ಅಂಟಿಸಿದ್ದರು. ಮಣ್ಣು ಕೆರೆದು ಡಬ್ಬಿಗೆ ಹಾಕಿದೆ. ಫೋಟೋ, ಎಂಟು ಕಡೆಯಿಂದ. ಆಮೇಲೆ ಬ್ರಷ್. ದಪ್ಪ ಅಳೆದೆ — ಎಲ್ಲ ಕಡೆ 6.3 ಮಿಲಿಮೀಟರ್, ಹೆಚ್ಚುಕಮ್ಮಿ ಹೊಸ ಪೈಪಿನಷ್ಟೇ. ಒಂದು ಕಡೆ ಮಾತ್ರ ತೂತು. ಅಂಗಿಯ ಗುಂಡಿಯಷ್ಟು.

ಹೊರಗಿನಿಂದ ಒಳಕ್ಕೆ ತಿಂದಿದೆ. ಅಂಚು ನುಣ್ಣಗಿದೆ. ಮಾಮೂಲಿ ತುಕ್ಕು ಹೀಗೆ ತಿನ್ನುವುದಿಲ್ಲ. ಅದು ಅಲ್ಲಿಷ್ಟು ಇಲ್ಲಿಷ್ಟು ಕಚ್ಚಿ, ಸುತ್ತ ಕೆಂಪಗೆ ಉಗುಳಿಟ್ಟಿರುತ್ತದೆ. ಇದು ಚಮಚದಲ್ಲಿ ತೆಗೆದ ಹಾಗಿದೆ.

ಈ ತೂತಿನಿಂದ ಪೆಟ್ರೋಲ್ ಸೋರಿ, ಮಣ್ಣೊಳಗೇ ಹರಿದು, ಒಂದು ಇಸ್ತ್ರಿ ಅಂಗಡಿಯ ನೆಲದಡಿ ಸೇರಿತ್ತು. ಶನಿವಾರ ಬೆಳಗ್ಗೆ ಇಸ್ತ್ರಿಯವಳು ಬಾಗಿಲು ತೆಗೆದು ಸ್ವಿಚ್ ಒತ್ತಿದಳು. ಮೂವತ್ತೆಂಟು ವಯಸ್ಸು ಅಂತ ಪೇಪರಿನಲ್ಲಿತ್ತು.

ಓದಿದೆ. ಏನೂ ಅನ್ನಿಸಲಿಲ್ಲ. ಪೇಪರ್ ಮಡಿಸಿಟ್ಟು ಕೈಗವಸು ಹಾಕಿಕೊಂಡೆ. ಇಪ್ಪತ್ತೊಂದು ವರ್ಷದಿಂದ ಒಡೆದ ಪೈಪುಗಳ ಪೋಸ್ಟ್‌ಮಾರ್ಟಂ ಮಾಡುತ್ತಿದ್ದೇನೆ. ಲ್ಯಾಬಿನವರು ಬೆನ್ನ ಹಿಂದೆ ತುಕ್ಕಮ್ಮ ಅನ್ನುತ್ತಾರೆ. ಎದುರಿಗೇ ಅಂದರೂ ನನಗೇನೂ ಬೇಜಾರಿಲ್ಲ.

ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಹಸಿವೂ ಆಗಲಿಲ್ಲ.

ಮಾರ್ಚ್ 5, ಮಂಗಳವಾರ

ಸೈಟು. 14ನೇ ಟೆಸ್ಟ್ ಪೋಸ್ಟ್, ಅಂದರೆ ಪೈಪಿನ ವೋಲ್ಟೇಜ್ ಅಳೆಯುವ ಕಂಬ, ಅದರ ಪಕ್ಕದಲ್ಲಿ ಅಗೆದ ಗುಂಡಿ. ಇನ್ನೂ ವಾಸನೆ. ಅಲ್ಲಿಂದ ನಲವತ್ತು ಹೆಜ್ಜೆಗೆ ಅಂಗಡಿ — ಗೋಡೆ ಇದೆ, ಚಾವಣಿ ಇಲ್ಲ. ಪಕ್ಕದ ಶೆಡ್ಡಿಗೆ ಬೆಂಕಿ ಹತ್ತಿಲ್ಲ. ಅದರೊಳಗೆ ತಂತಿಯ ಮೇಲೆ ಇಸ್ತ್ರಿ ಮಾಡಿದ ಬಟ್ಟೆಗಳು ಸಾಲಾಗಿ ನೇತಾಡುತ್ತಿದ್ದವು. ಅವಳ ಗಂಡ ಒಂದೊಂದರ ಚೀಟಿಯನ್ನೂ ಓದಿ ಗಂಟು ಕಟ್ಟುತ್ತಿದ್ದ. ಗಿರಾಕಿಗಳ ಮನೆಗೆ ಮುಟ್ಟಿಸಬೇಕಂತೆ. ಅವಳು ಶುಕ್ರವಾರ ಮಾಡಿಟ್ಟ ಬಟ್ಟೆಗಳು.

"ನೀವು ಪೈಪಿನ ಕಂಪನಿಯವರಾ?"

"ಹೌದು. ತನಿಖೆಗೆ ಬಂದಿದೀನಿ."

"ಯಾರ ತಪ್ಪು ಅಂತ ಗೊತ್ತಾಗತ್ತಾ ಇದ್ರಲ್ಲಿ?"

"ಗೊತ್ತಾಗತ್ತೆ."

"ಗೊತ್ತಾದ್ಮೇಲೆ ನನಗೂ ಹೇಳಿ. ಪೇಪರ್‌ನವರು ಹೇಳೋದು ಬೇಡ. ನೀವೇ ಬಂದು ಹೇಳಿ."

ಆಯ್ತು ಅಂದೆ. ಅಭ್ಯಾಸ. ಎಲ್ಲರಿಗೂ ಆಯ್ತು ಅನ್ನುತ್ತೇನೆ.

ಮಧ್ಯಾಹ್ನ ಲೈನಿನ ಕರೆಂಟ್ ಡಬ್ಬ ತೆಗೆಸಿದೆ. ಕಾರಣ ತಿಳಿಯಲು ಹತ್ತು ನಿಮಿಷ ಸಾಕಾಯಿತು. ಜೊತೆಗಿದ್ದ ಪೊಲೀಸ್ ಇನ್ಸ್‌ಪೆಕ್ಟರಿಗೆ ಬಿಡಿಸಿ ಹೇಳಬೇಕಾಯಿತು.

"ಹೂತ ಪೈಪಿಗೆ ತುಕ್ಕು ಹಿಡೀಬಾರದು ಅಂತ ಸಣ್ಣ ಕರೆಂಟ್ ಕೊಡ್ತೀವಿ. ಮೈನಸ್ ತಂತಿ ಪೈಪಿಗೆ. ಪ್ಲಸ್ ತಂತಿ ದೂರದಲ್ಲಿ ಹೂತಿಟ್ಟ ಕಬ್ಬಿಣದ ತುಂಡುಗಳಿಗೆ. ಆ ತುಂಡುಗಳು ಸವೆದು ಪೈಪನ್ನ ಉಳಿಸ್ತವೆ. ಇಲ್ಲಿ ತಂತಿ ಅದಲುಬದಲು ಆಗಿದೆ. ಪೈಪು ಸವೆದಿದೆ, ತುಂಡುಗಳು ಉಳ್ಕೊಂಡಿವೆ."

"ಅಂದ್ರೆ ಬೇಲಿನೇ ಎದ್ದು ಹೊಲ ಮೇಯ್ತು ಅನ್ನಿ."

"ಹಾಗೇ."

ಡಬ್ಬ ಬದಲಾಯಿಸಿ ಹದಿನಾಲ್ಕು ತಿಂಗಳಾಗಿದೆ. ಕೆಲಸ ಮಾಡಿದ್ದು ಗುತ್ತಿಗೆಯ ಎಲೆಕ್ಟ್ರಿಷಿಯನ್. ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಒಂದು ಆಂಪಿಯರ್ ಕರೆಂಟ್ ಒಂದು ವರ್ಷಕ್ಕೆ ಒಂಬತ್ತು ಕಿಲೋ ಉಕ್ಕು ತಿನ್ನುತ್ತದೆ. ಪೈಪಿನ ಹೊದಿಕೆ ಎಲ್ಲಿ ಹರಿದಿತ್ತೋ ಅಲ್ಲಿ ಕೂತು ತಿಂದಿದೆ.

ಆದರೆ ತಿಂಗಳಿಗೊಮ್ಮೆ ಪ್ರತಿ ಪೋಸ್ಟಿನಲ್ಲೂ ರೀಡಿಂಗ್ ತೆಗೆಯುತ್ತಾರೆ. ತಂತಿ ತಿರುಗಿದ್ದರೆ ಮೊದಲ ತಿಂಗಳೇ ಮೈನಸ್ ಹೋಗಿ ಪ್ಲಸ್ ಬಂದಿರಬೇಕು. ಹದಿನಾಲ್ಕು ಸಲ ಬಂದಿರಬೇಕು. ಯಾರೂ ನೋಡಲಿಲ್ಲವೇ? ನಾಳೆ ರಿಜಿಸ್ಟರ್ ತರಿಸಬೇಕು.

ಮಾರ್ಚ್ 6, ಬುಧವಾರ. 11.30

ರಿಜಿಸ್ಟರ್ ಬಂತು. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ಒಂದು ತಿಂಗಳೂ ತಪ್ಪಿಲ್ಲ, ಒಂದು ಚಿತ್ತೂ ಇಲ್ಲ. ಡಬ್ಬ ಬದಲಾಗುವ ಮೊದಲು: 0.94, 0.97, 1.02. ಬದಲಾದ ಮೇಲೆ: 0.91, 1.10, 0.98.

ಒಂದಕ್ಕೂ ಮೈನಸ್ ಇಲ್ಲ. ಹಿಂದಿನ ವರ್ಷಕ್ಕೂ ಇಲ್ಲ. ಅದರ ಹಿಂದಿನ ವರ್ಷಕ್ಕೂ ಇಲ್ಲ. ಬರೀ ಅಂಕಿ. ಪ್ರತಿ ಮೂರು ತಿಂಗಳಿಗೆ ಚೀಫ್ ಸಾಹೇಬರ ಸಹಿ, ಹಸಿರು ಶಾಯಿಯಲ್ಲಿ.

ಈ ಕೈಬರಹ ಗೊತ್ತು. ಮೀಟರಣ್ಣನದು.

ಅದೇ ದಿನ, ಸಂಜೆ 5

ಮೀಟರಣ್ಣನನ್ನು ಲ್ಯಾಬಿಗೆ ಕರೆಸಿದೆ. ನನಗಿಂತ ಮೂರು ವರ್ಷ ಚಿಕ್ಕವನು. ಇಪ್ಪತ್ತಾರು ವರ್ಷದಿಂದ ಆ ಲೈನಿನ ಮೇಲೆ ನಡೆದು ರೀಡಿಂಗ್ ತೆಗೆಯುತ್ತಿದ್ದಾನೆ. ಲ್ಯಾಬಿಗೆ ಬರುವ ಮೊದಲು ಐದು ವರ್ಷ ನಾನು ಲೈನ್ ಎಂಜಿನಿಯರ್ ಆಗಿದ್ದೆ. ಅವನಿಗೆ ಕೆಲಸ ಕಲಿಸಿದ್ದು, ಆ ಅಡ್ಡಹೆಸರು ಇಟ್ಟಿದ್ದು ಎರಡೂ ನಾನೇ. ಒಂದೇ ಜೊತೆ ಬೂಟಿಗೆ ನಾಲ್ಕು ಸಲ ಅಟ್ಟೆ ಹಾಕಿಸುವ ಮನುಷ್ಯ.

ಸ್ಟೂಲಿನ ತುದಿಯಲ್ಲಿ ಕೂತ. ಟೇಬಲ್ ಮೇಲಿದ್ದ ಪೈಪಿನ ತುಂಡನ್ನು ನೋಡಲಿಲ್ಲ.

"ಮೀಟರಲ್ಲಿ ಮೈನಸ್ ಕಾಣ್ತಿರಲಿಲ್ವೇನೋ?"

"ಅಡ್ಡಗೆರೆ?"

ಅವನು ಯಾವತ್ತೂ ಅದನ್ನು ಅಡ್ಡಗೆರೆ ಅಂತಲೇ ಅನ್ನುವುದು.

"ಮೊದಲೆಲ್ಲ ಕಾಣ್ತಿತ್ತು ಅಕ್ಕಾ. ಹೋದ ವರ್ಷ ಒಂದಿನ ಕಾಣಲಿಲ್ಲ. ಯಾವ ಪೋಸ್ಟಲ್ಲೂ ಕಾಣಲಿಲ್ಲ. ನಾನೇ ಮೀಟರಿನ ವಯರು ತಿರುಗಾಮುರುಗಾ ಚುಚ್ಚಿದೀನಿ ಅಂದ್ಕೊಂಡೆ."

"ತಿರುಗಿಸಿ ನೋಡ್ಲಿಲ್ವಾ?"

"ನೋಡ್ದೆ. ಅಡ್ಡಗೆರೆ ಬಂತು. ನಂಬರ್ ಅದೇ ಇತ್ತು. ಸರಿ ಹೋಯ್ತು ಅಂತ ಬರ್ಕೊಂಡೆ."

ರಿಜಿಸ್ಟರ್ ಮುಚ್ಚಿದೆ. ಅವನು ಬೂಟು ನೋಡುತ್ತಾ ಅಂದ — "ಎರಡೂ ಒಂದೇ ಅಂತ ನೀವೇ ಹೇಳಿದ್ರಲ್ಲ ಅಕ್ಕಾ. ಆ ಮುಳ್ಳಿನ ಮೀಟರ್ ಇದ್ದಾಗ."

ಫೋನ್ ಬಂತು. ತೆಗೆದುಕೊಂಡೆ. ಏನು ಮಾತಾಡಿದೆನೋ ನೆನಪಿಲ್ಲ.

ಮಾರ್ಚ್ 7, ಗುರುವಾರ. ಬೆಳಗ್ಗೆ 6

ಅವನು ಹೇಳಿದ್ದು ನೆನಪಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಆಗ ಮುಳ್ಳಿನ ಮೀಟರ್. ಸರಿಯಾಗಿ ಚುಚ್ಚಿದರೆ ಮುಳ್ಳು ಎಡಕ್ಕೆ ಹೋಗಿ ಸೊನ್ನೆಯ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಓದಲು ಆಗುತ್ತಿರಲಿಲ್ಲ. ವಯರು ತಿರುಗಿಸಿ ಚುಚ್ಚಿದರೆ ಬಲಕ್ಕೆ ಬರುತ್ತಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು. ತಿರುಗಿಸಿದ್ದಕ್ಕೆ ಅಂಕಿಯ ಮುಂದೆ ನಾವೇ ಮೈನಸ್ ಬರೆದುಕೊಳ್ಳಬೇಕಿತ್ತು. ಬಿಸಿಲು. ಇನ್ನೂ ಎಷ್ಟೊಂದು ಪೋಸ್ಟ್ ಬಾಕಿ. ಅವನು ಹೊಸಬ, ಪ್ರತಿ ಅಂಕಿಗೂ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದ. ನನಗೆ ತಾಳ್ಮೆ ಇರಲಿಲ್ಲ.

"ಅಡ್ಡಗೆರೆ ಬಿಡೋ ಮಾರಾಯ. ನಂಬರ್ ಮುಖ್ಯ. ಪೈಪಂದ್ರೆ ಮೈನಸ್ಸೇ, ಎಲ್ಲರಿಗೂ ಗೊತ್ತು."

"ತಿರುಗಿಸಿ ಚುಚ್ಚಿದ್ರೆ ತಪ್ಪಲ್ವಾ ಅಕ್ಕಾ?"

"ಎರಡೂ ಒಂದೇ."

ಅಷ್ಟೇ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಮಾರ್ಚ್ 8, ಶುಕ್ರವಾರ

ವಿಚಾರಣಾ ಸಮಿತಿ. ಚೀಫ್, ಸುರಕ್ಷತಾ ವಿಭಾಗದವರೊಬ್ಬರು, ನಾನು. ಬಾಗಿಲ ಹತ್ತಿರ ಇನ್ಸ್‌ಪೆಕ್ಟರ್. ಎಲೆಕ್ಟ್ರಿಷಿಯನ್ ಸಿಕ್ಕಿಲ್ಲ. ಕೈಗೆ ಸಿಕ್ಕವನು ಮೀಟರಣ್ಣನೊಬ್ಬ.

ಚೀಫ್ ಕೇಳಿದರು, "ಚಿಹ್ನೆ ಬರೆಯೋದು ಬೇಡ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?"

ನನ್ನ ಕೈ ತಾನಾಗಿ ಕೊರಳಿನ ಹತ್ತಿರ ಹೋಯಿತು, ಐಡಿ ಕಾರ್ಡಿನ ದಾರ ಸರಿಪಡಿಸಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಮೀಟರಣ್ಣ ಅಂದ, "ಯಾರೂ ಹೇಳಿಲ್ಲ ಸಾರ್. ನಾನೇ ಬಿಟ್ಟೆ. ಸೋಮಾರಿತನ."

ಇಪ್ಪತ್ತಾರು ವರ್ಷ ಒಂದು ತಿಂಗಳೂ ತಪ್ಪದೆ ನಡೆದವನು.

ಚೀಫ್ ನನ್ನ ಕಡೆ ತಿರುಗಿ, ಏನಾದರೂ ಕೇಳುವುದಿದೆಯೇ ಅಂದರು. ಇಲ್ಲ ಅಂದೆ. ಹೊರಡುವಾಗ ಮೀಟರಣ್ಣ ನನ್ನ ಕುರ್ಚಿಯ ಹತ್ತಿರ ನಿಂತ. "ಬರ್ತೀನಿ ಮೇಡಂ."

ಮೇಡಂ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು.

ಅವನನ್ನು ಸಸ್ಪೆಂಡ್ ಮಾಡಿದರು. ನಮ್ಮ ವರದಿ ಬಂದ ಕೂಡಲೇ ನಿರ್ಲಕ್ಷ್ಯದಿಂದ ಸಾವು ಅಂತ ಕೇಸು. ಜೈಲಾಗಬಹುದು ಅಂತ ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೆ ಹೇಳಿದ. ಕಾರಣ ಬರೆಯುವ ಕೆಲಸ ನನ್ನದು. 22ನೇ ತಾರೀಕು ಕೊಡಬೇಕು.

ಮಾರ್ಚ್ 9, ಶನಿವಾರ

ಇವರು ಊಟದ ಟೇಬಲ್ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದರು. ಒಂಬತ್ತನೇ ಕ್ಲಾಸಿನ ಗಣಿತ. ಪಾತ್ರೆ ತೊಳೆಯುತ್ತಾ ಕೇಳಿದೆ.

"ರೀ, ಉತ್ತರದಲ್ಲಿ ಮೈನಸ್ ಬಿಟ್ಟಿದ್ರೆ ಎಷ್ಟು ಮಾರ್ಕ್ಸ್ ಕಟ್ ಮಾಡ್ತೀರಿ?"

"ಪೂರ್ತಿ."

"ಅಂಕಿ ಸರಿ ಇದ್ರೂ?"

"ಅಂಕಿ ಸರಿ ಇದ್ರೆ ಏನಾಯ್ತೇ? ಮೂರು ಮೆಟ್ಟಿಲು ಹತ್ತೋದೂ ಇಳಿಯೋದೂ ಒಂದೇನಾ?" ಕೆಂಪು ಪೆನ್ನು ಎತ್ತಿ ನನ್ನನ್ನು ನೋಡಿದರು. "ಯಾಕೆ? ತುಕ್ಕಮ್ಮನೋರು ಈಗ ಪರೀಕ್ಷೆ ಕಟ್ಟಿದಾರಾ?"

ನಗಬೇಕಿತ್ತು. ನಕ್ಕೆ. ಒಂದೇ ಪಾತ್ರೆಯನ್ನು ಎರಡು ಸಲ ತೊಳೆದಿದ್ದೆ.

ಮಾರ್ಚ್ 18, ಸೋಮವಾರ

ಎಂಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಆಫೀಸು, ಮನೆ. ವರದಿಯ ಇಪ್ಪತ್ತೊಂದು ಪುಟ ಮುಗಿದಿದೆ: ಮಣ್ಣು, ಉಕ್ಕು, ಹೊದಿಕೆ, ಡಬ್ಬ. "ಮೂಲ ಕಾರಣ" ಅನ್ನುವ ಪುಟ ಮಾತ್ರ ಖಾಲಿ. ಚೀಫ್ ಒಂದು ಸಾಲು ಕಳಿಸಿದ್ದಾರೆ, ನಾನು ಅಂಟಿಸಿದರೆ ಸಾಕು: *ರೀಡಿಂಗ್ ತೆಗೆಯುವ ನೌಕರನ ನಿರ್ಲಕ್ಷ್ಯ.* ಅವರ ಹಸಿರು ಸಹಿಯ ಬಗ್ಗೆ ಆ ಸಾಲಿನಲ್ಲಿ ಏನೂ ಇಲ್ಲ. ನನ್ನ ಬಗ್ಗೆ ಅಂತೂ ಇಲ್ಲವೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸೆಕ್ಯುರಿಟಿಯವನು ಹೇಳಿದ — ಮೀಟರಣ್ಣ ದಿನಾ ಬೆಳಗ್ಗೆ ಲೈನಿನ ಮೇಲೆ ನಡೆಯುತ್ತಾನಂತೆ. ಕೈಯಲ್ಲಿ ಮೀಟರಿಲ್ಲ, ಪುಸ್ತಕವಿಲ್ಲ. ಪ್ರತಿ ಪೋಸ್ಟಿನ ಹತ್ತಿರ ಕುಕ್ಕರಗಾಲಲ್ಲಿ ಕೂರುತ್ತಾನೆ, ಏಳುತ್ತಾನೆ, ಮುಂದೆ ಹೋಗುತ್ತಾನೆ. "ಸಸ್ಪೆಂಡ್ ಆದವರು ಬರಬಾರದು ಅಂತ ಹೇಳ್ದೆ ಮೇಡಂ. ನಾನು ಬರ್ತಿಲ್ಲಪ್ಪ, ಕಾಲು ಬರ್ತಿದೆ ಅಂದ."

ಕೇಳಿಸಿಕೊಂಡೆ. ಎದೆಯಲ್ಲಿ ಏನಾದರೂ ಆಗುತ್ತದೇನೋ ಅಂತ ಕಾದೆ. ಕಾಲು ಜೋಮು ಹಿಡಿದಾಗ ನೆಲಕ್ಕೆ ಊರಿ ನೋಡುತ್ತೇವಲ್ಲ, ಹಾಗೆ. ಏನೂ ಆಗಲಿಲ್ಲ.

ಮಧ್ಯಾಹ್ನ ಹಳೇ ದಾಖಲೆಗಳ ಸ್ಟೋರಿಗೆ ಹೋದೆ. ಏಣಿ ಹತ್ತಿ, ಮೇಲಿನ ರ‍್ಯಾಕು. ಆ ಲೈನಿನ ಮೊಟ್ಟಮೊದಲ ರಿಜಿಸ್ಟರ್ ಸಿಕ್ಕಿತು. ಮೊದಲ ಪುಟ. 1ರಿಂದ 6ನೇ ಪೋಸ್ಟಿನವರೆಗೆ ಪ್ರತಿ ಅಂಕಿಯ ಮುಂದೆ ಸ್ಕೇಲಿನಲ್ಲಿ ಎಳೆದ ಮೈನಸ್. 7ರಿಂದ ಇಲ್ಲ. ಪಕ್ಕದಲ್ಲಿ ನನ್ನ ಅಕ್ಷರ, ಓರೆಯಾಗಿ, ಅವಸರದಲ್ಲಿ:

*ಎಲ್ಲವೂ ಮೈನಸ್ಸೇ. ಇನ್ನು ಮುಂದೆ ಬರೆಯುವ ಅಗತ್ಯವಿಲ್ಲ.*

ಕೆಳಗೆ ಸಹಿ. ತಾರೀಕು. ಸಹಿಯ ಅಡಿಗೆ ಒಂದು ಗೆರೆ ಬೇರೆ ಎಳೆದಿದ್ದೇನೆ, ನೀಟಾಗಿ.

ಮಾರ್ಚ್ 19, ಮಂಗಳವಾರ

ರಿಜಿಸ್ಟರ್ ನನ್ನ ಬ್ಯಾಗಿನಲ್ಲಿದೆ. ಅದನ್ನು ನೋಡಿದವರು ನಾನೊಬ್ಬಳೇ. ಸ್ಟೋರಿನಲ್ಲಿ ಗೆದ್ದಲಿದೆ. ಗೆದ್ದಲು ತಿಂತು ಅಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ಇದನ್ನು ಯೋಚಿಸಿದೆ ಅಂತ ಇಲ್ಲಿ ಬರೆದಿಡುತ್ತೇನೆ. ಬಸ್ ಸ್ಟಾಪಿನ ಕಸದ ಡಬ್ಬದ ಪಕ್ಕ ನಿಂತು ಎರಡು ಬಸ್ ಬಿಟ್ಟೆ. ಅದನ್ನೂ ಬರೆದಿಡುತ್ತೇನೆ.

ಚೀಫ್ ರೂಮಿಗೆ ಕರೆದರು. ಬಾಗಿಲು ಹಾಕಿದರು. ಅವರಿಗೆ ಪುಟದ ವಿಷಯ ಗೊತ್ತಿಲ್ಲ, ಆದರೂ ಮೂಗು ಚುರುಕು.

"ಮೇಡಂ, ಅವನೇ ಒಪ್ಕೊಂಡಿದಾನೆ. ನಿಮಗೆ ಇನ್ನು ಹದಿನಾಲ್ಕು ತಿಂಗಳು ಸರ್ವಿಸ್. ಹೂವೆತ್ತಿದ ಹಾಗೆ ಆಚೆ ಹೋಗಬಹುದು. ಯಾಕೆ ಕೆದಕ್ತೀರಿ?"

ಹದಿನಾಲ್ಕು ತಿಂಗಳು. ಆ ಪೈಪಿಗೂ ಅಷ್ಟೇ ಸಿಕ್ಕಿತ್ತು.

"ನೋಡ್ತೀನಿ ಸಾರ್" ಅಂದೆ.

ಮಾರ್ಚ್ 20, ಬುಧವಾರ

ಇವರಿಗೆ ಪುಟ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

"ಆಗ ನಿನಗೆ ಎಷ್ಟು ವಯಸ್ಸೇ?"

"ಮೂವತ್ತೊಂದು."

"ಚಿಕ್ಕವಳೂ ಅಲ್ಲ" ಅಂದರು, ಮೆಲ್ಲಗೆ. ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಮಾಡಿದ್ದರೆ ನಾನು ಅದನ್ನೇ ಹಿಡಿದುಕೊಂಡುಬಿಡುತ್ತಿದ್ದೆ.

ಪುಟವನ್ನು ನನ್ನ ಕಡೆ ಸರಿಸಿ, "ಉಪ್ಪು ತಿಂದವರು ನೀರು ಕುಡೀಲೇಬೇಕಲ್ಲ" ಅಂದರು.

"ಉಪ್ಪು, ನೀರು ಎರಡೂ ನನ್ನ ಕಸುಬಿನವೇ ರೀ. ಎರಡೂ ಸೇರಿದ್ರೆ ಏನಾಗತ್ತೆ ಅಂತ ನನಗೆ ಗೊತ್ತು."

ಇಬ್ಬರೂ ನಕ್ಕೆವು. ಇವರ ನಗು ನಡುವೆಯೇ ನಿಂತಿತು. ಎದ್ದು ಹೋಗಿ ಬಾಲ್ಕನಿಯ ಬಟ್ಟೆ ತೆಗೆದುಕೊಂಡು ಬಂದರು. ನನ್ನ ಕಾಟನ್ ಅಂಗಿ ಮುದುಡಿತ್ತು. ಅದನ್ನು ಇಸ್ತ್ರಿ ಮಾಡಿದರು. ನಾನು ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ನೋಡುತ್ತಾ ಕೂತಿದ್ದೆ. ಆಗ ಆಯಿತು. ಸಂಕಟ. ಎದ್ದು ಸ್ವಿಚ್ ಆರಿಸಿದೆ. ಎರಡು ನಿಮಿಷ ಇತ್ತು, ಆಮೇಲೆ ಅದೂ ಹೋಯಿತು.

ಮಾರ್ಚ್ 22, ಶುಕ್ರವಾರ. 4.45

ಕೊಟ್ಟೆ.

ಮೂಲ ಕಾರಣದ ಪುಟ, ನಾನೇ ಟೈಪ್ ಮಾಡಿದ್ದು: *ತಂತಿ ಅದಲುಬದಲಾದದ್ದು ಗುತ್ತಿಗೆಯ ಎಲೆಕ್ಟ್ರಿಷಿಯನ್ ತಪ್ಪು. ಅದು ಹದಿನಾಲ್ಕು ತಿಂಗಳು ಯಾರಿಗೂ ಕಾಣದೆ ಹೋದದ್ದು ರೀಡಿಂಗಿನಲ್ಲಿ ಚಿಹ್ನೆ ಬರೆಯದ ರೂಢಿಯಿಂದ. ಆ ರೂಢಿ ಈ ವರದಿ ಬರೆದವಳ ಲಿಖಿತ ಸೂಚನೆಯಿಂದ ಶುರುವಾಯಿತು. ಮೂಲ ಪ್ರತಿ ಲಗತ್ತಿಸಿದೆ.* ಮೂರು ತಿಂಗಳಿಗೊಮ್ಮೆ ಸಹಿ ಹಾಕಿದವರೂ ಚಿಹ್ನೆ ಕೇಳಲಿಲ್ಲ ಅಂತ ಒಂದು ಸಾಲು. ಒಂದೇ ಸಾಲು.

ಒಂದು ಪ್ರತಿ ಚೀಫ್ ಟೇಬಲ್ಲಿಗೆ. ಮೂಲ ರಿಜಿಸ್ಟರ್ ನೇರ ಇನ್ಸ್‌ಪೆಕ್ಟರ್ ಕೈಗೆ. ಅವನು ನನ್ನ ಸಹಿ ನೋಡಿದ, ನನ್ನ ಮುಖ ನೋಡಿದ. "ಕೂತ್ಕೊಳ್ಳಿ ಮೇಡಂ" ಅಂದ. ಕೂತೆ. ನೀರು ಬೇಕಾ ಅಂದ. ಕುಡಿದೆ.

ಧೈರ್ಯ ಬಂದು ಕೊಟ್ಟಿದ್ದಲ್ಲ. ಕೊಡದೆ ಇರಲು ಏನು ಮಾಡಬೇಕೋ ಅದನ್ನು ಮಾಡಲು ಕೈ ಏಳಲಿಲ್ಲ.

ಮಾರ್ಚ್ 23, ಶನಿವಾರ

ಮೀಟರಣ್ಣನ ಫೋನ್.

"ಯಾಕೆ ಹಾಗೆ ಬರೆದ್ರಿ? ನಾನು ನುಂಗ್ಕೊಂಡಿದ್ದೆ. ನುಂಗಿದ್ದನ್ನ ಕಕ್ಕಿಸಿದ್ರಿ."

"ನೀನು ಯಾಕೆ ನುಂಗಬೇಕಿತ್ತು?"

"ಮೀಟರ್ ನೋಡಿದ್ದು ಯಾರ ಕಣ್ಣು? ನಂದಲ್ವಾ?"

ಇಟ್ಟುಬಿಟ್ಟ.

ಡೈರಿ ಹಿಂದಕ್ಕೆ ತಿರುವಿ ನೋಡಿದೆ. ಎಷ್ಟು ಗೆರೆ ಎಳೆದಿದ್ದೇನೆ — ಮಾತಿನ ನಡುವೆ, ಸುಮ್ಮನೆ, ಉಸಿರು ತೆಗೆದುಕೊಳ್ಳಲು. ಬೇಕಿದ್ದ ಕಡೆ ಬಿಟ್ಟು, ಬೇಡದ ಕಡೆಯೆಲ್ಲ.

ಏಪ್ರಿಲ್ 3, ಬುಧವಾರ. ಬೆಳಗ್ಗೆ 6.40

ಲೈನಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನನ್ನನ್ನು ಲ್ಯಾಬಿನಿಂದ ತೆಗೆದಿದ್ದಾರೆ. ಸಸ್ಪೆನ್ಷನ್ ಆದೇಶ ಇನ್ನೂ ಕೈಸೇರಿಲ್ಲ, ಸೋಮವಾರ ಬರಬಹುದು. ಸೋಮವಾರವೇ ಪೊಲೀಸ್ ಹೇಳಿಕೆ. ಕೇಸಿನಲ್ಲಿ ಈಗ ಮೂರು ಹೆಸರು: ಎಲೆಕ್ಟ್ರಿಷಿಯನ್, ನಾನು, ಚೀಫ್. ಮೀಟರಣ್ಣನನ್ನು ಸಾಕ್ಷಿ ಮಾಡಿದ್ದಾರೆ. ಮಾರ್ಚ್ ತಿಂಗಳ ರೀಡಿಂಗ್ ಯಾರೂ ತೆಗೆದಿರಲಿಲ್ಲ. ಡಬ್ಬದ ತಂತಿ ಸರಿ ಮಾಡಿ, ಪೈಪಿಗೆ ಹೊಸ ತುಂಡು ಸೇರಿಸಿ, ಮತ್ತೆ ಪೆಟ್ರೋಲ್ ಬಿಟ್ಟಿದ್ದಾರೆ. ಆದೇಶ ಬರುವವರೆಗೆ ನಾನು ತೆಗೆಯುತ್ತೇನೆ ಅಂದೆ. ಬೇಡ ಅನ್ನುವಷ್ಟು ಆಸಕ್ತಿ ಯಾರಿಗೂ ಇರಲಿಲ್ಲ.

1ನೇ ಪೋಸ್ಟಿನ ಹತ್ತಿರ ಮೀಟರಣ್ಣ ಕೂತಿದ್ದ. ಎದ್ದು ಜೊತೆಗೆ ನಡೆದ. ಅವನಿನ್ನೂ ಮೀಟರ್ ಮುಟ್ಟುವ ಹಾಗಿಲ್ಲ. ಚುಚ್ಚುವುದು ನಾನು, ಓದುವುದು ಅವನು. ಅಕ್ಕಾ ಅನ್ನಲಿಲ್ಲ. ಮೇಡಂ ಅಂತಲೂ ಅನ್ನಲಿಲ್ಲ. ರಿಜಿಸ್ಟರ್‌ಗಳೆಲ್ಲ ಪೊಲೀಸರ ಹತ್ತಿರ ಇವೆ. ಹಾಗಾಗಿ ಇದರಲ್ಲೇ ಬರೆದುಕೊಳ್ಳುತ್ತಿದ್ದೇನೆ.

1: −0.93
2: −0.95
3: −0.95
4: −0.96

ಪ್ರತಿ ಸಲವೂ ಪುಸ್ತಕಕ್ಕೆ ಬಗ್ಗಿ ನೋಡುತ್ತಾನೆ. 5ರಲ್ಲಿ ನನ್ನ ಗೆರೆ ಸಣ್ಣದಾಯಿತಂತೆ. "ಕಾಣೋ ಹಾಗೆ ಎಳೀರಿ." ಎಳೆದೆ.

8.15

13: −0.91

ಎದುರಿಗೆ 14. ಗುಂಡಿ ಮುಚ್ಚಿದ್ದಾರೆ, ಮಣ್ಣಿನ ಬಣ್ಣ ಬೇರೆ. ಅಂಗಡಿಗೆ ಚಾವಣಿ ಬಂದಿಲ್ಲ. ಶೆಡ್ಡಿನ ತಂತಿ ಖಾಲಿ. ಬಟ್ಟೆಗಳೆಲ್ಲ ಅವರವರ ಮನೆ ಸೇರಿರಬೇಕು. ಒಂದೇ ಒಂದು ಮಗುವಿನ ಯೂನಿಫಾರಂ ಉಳಿದಿದೆ. ಚೀಟಿ ಬಿದ್ದುಹೋಗಿರಬಹುದು.

ಇಸ್ತ್ರಿಯವಳ ಗಂಡ ಹೊಸ್ತಿಲ ಮೇಲೆ ಕೂತಿದ್ದವನು ನಮ್ಮನ್ನು ನೋಡಿದ. ಎದ್ದ. ಈ ಕಡೆಗೇ ಬರುತ್ತಿದ್ದಾನೆ. ಗೊತ್ತಾಯ್ತಾ ಅಂತ ಕೇಳುತ್ತಾನೆ. ನೀವೇ ಬಂದು ಹೇಳಿ ಅಂದಿದ್ದ. ಒಂದು ತಿಂಗಳಾಯಿತು, ನಾನು ಬಂದಿರಲಿಲ್ಲ.

ವಯರು ಚುಚ್ಚಿದ್ದೇನೆ. ಪುಸ್ತಕ ತೊಡೆಯ ಮೇಲಿದೆ.

"ಎಷ್ಟು?" ಅಂದೆ.

ಮೀಟರಣ್ಣ ಮೀಟರ್ ನೋಡಿದ, ಅಂಕಿ ಹೇಳಲಿಲ್ಲ. ಬರುತ್ತಿದ್ದವನನ್ನು ನೋಡಿದ, ನನ್ನ ಪೆನ್ನು ನೋಡಿದ.

"ಮೊದಲು ಅಡ್ಡಗೆರೆ ಹಾಕಿ. ನಂಬರ್ ಆಮೇಲೆ. ಮೊದಲು ಅವರಿಗೆ ಹೇಳಿ ಬನ್ನಿ."

14: −